ತೆಂಕಲ ಗೋಡೆಯ ಭೂಪಟ

ನಮ್ಮ ನಡುಮನೆಯಲ್ಲಿ ಏನನ್ನಾದರೂ ತೂಗುಹಾಕಲು ಜಾಗವಿದ್ದದ್ದು ತೆಂಕಲ ಗೋಡೆಯೊಂದರಲ್ಲೇ. ಪಡುವಲ ಗೋಡೆಯಲ್ಲಿ ಬೀದಿ ಬಾಗಿಲು, ಮೂಡಲ ಗೋಡೆಯಲ್ಲಿ ಹಿತ್ತಿಲ ಬಾಗಿಲು, ಬಡಗಲಿಗೆ ಅಡುಗೆಮನೆಯ ಬಾಗಿಲು, ದೇವರ ಗೂಡು, ರಾಗಿ ತುಂಬಿದ ಎರಡು ಮಣ್ಣಿನ ವಾಡೆ. ಹೀಗಾಗಿ ಅಪ್ಪನ ಶಾಲೆಗೆ ಹೊಸ ಭೂಪಟ ಬಂದಾಗ, ಬೇಡವಾದ ಹಳೆಯದನ್ನು ಅವರು ಸೈಕಲ್ಲಿಗೆ ಕಟ್ಟಿಕೊಂಡು ತಂದು ತೆಂಕಲ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಹಿಂದೆ ಬಟ್ಟೆ ಅಂಟಿಸಿದ, ಮೇಲೂ ಕೆಳಗೂ ಮರದ ಕೋಲಿದ್ದ ಇಂಡಿಯಾ ದೇಶದ ಭೂಪಟ. ಮಳೆಗಾಲದಲ್ಲಿ ಅದರಿಂದ ಅಂಟಿನ ವಾಸನೆ ಬರುತ್ತಿತ್ತು. ಅದರ ಎದುರು ನಿಂತರೆ ನನ್ನ ಬಲಗೈ ಬೀದಿ ಬಾಗಿಲ ಕಡೆಗೆ, ಎಡಗೈ ಹಿತ್ತಿಲ ಕಡೆಗೆ. ಭೂಪಟದ ಬಲಕ್ಕೆ ಬಂಗಾಳ ಕೊಲ್ಲಿ, ಎಡಕ್ಕೆ ಅರಬ್ಬಿ ಸಮುದ್ರ. ಹಾಗಾಗಿ ಬಂಗಾಳ ಕೊಲ್ಲಿಯೆಂಬುದು ನಮ್ಮ ಬೀದಿ ದಾಟಿ, ನಾಲೆ ದಾಟಿ ಎಲ್ಲೋ ಇದೆಯೆಂದೂ, ಅರಬ್ಬಿ ಸಮುದ್ರ ನಮ್ಮ ತಿಪ್ಪೆಗುಂಡಿಯ ಆಚೆಗಿದೆಯೆಂದೂ ನಾನು ನಂಬಿದ್ದೆ. ನಿಜಕ್ಕೂ ಇರುವುದು ಇದರ ತಿರುಗುಮುರುಗು. ಆದರೆ ಆರು ವರ್ಷದ ಹುಡುಗಿಗೆ ಗೋಡೆ ಯಾವುದಾದರೇನು? ಅಪ್ಪ ಹೇಳಿದ್ದೇ ವೇದ.

ಅಪ್ಪ ಶಿವಲಿಂಗಯ್ಯ ಮೇಷ್ಟ್ರು. ಪೂರಿಗಾಲಿಗೂ ಮಳವಳ್ಳಿಗೂ ನಡುವಿನ ನಮ್ಮ ಸಣ್ಣ ಊರಿನಲ್ಲಿ ಸಂಬಳ ಎಣಿಸುವ ಮನೆ ನಮ್ಮದೊಂದೇ. ಅಜ್ಜನ ಕಾಲದ ಎರಡೆಕರೆ ಗದ್ದೆ ಇತ್ತು, ಅದನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದರು. ಅಪ್ಪನಿಗೆ ಮಣ್ಣು ಮುಟ್ಟುವುದರಲ್ಲಿ ಆಸೆ ಇರಲಿಲ್ಲ. ಅವರಿಗೆ ಇದ್ದದ್ದು ಒಂದೇ ಆಸೆ, ತಮ್ಮ ಮಗಳ ಬಾಯಲ್ಲಿ ಊರ ಮಾತು ಬರಬಾರದು. 'ಹ' ಬಿಟ್ಟರೆ ಒಂದು ಏಟು, 'ಶ' ಬದಲು 'ಸ' ಅಂದರೆ ಒಂದು ಏಟು. ಅಡಿಕೋಲಿನ ಅಂಚಿನಿಂದ ಬೆರಳ ಗೆಣ್ಣಿನ ಮೇಲೆ, ಜೋರಾಗಿ ಅಲ್ಲ, ಆದರೆ ಮರೆಯುವ ಹಾಗೂ ಅಲ್ಲ. ದೀಪ ಹಚ್ಚಿದ ಮೇಲೆ, ಮುದ್ದೆ ಬೇಯುವ ಹೊತ್ತಿಗೆ, ನನ್ನನ್ನು ಭೂಪಟದ ಮುಂದೆ ನಿಲ್ಲಿಸುತ್ತಿದ್ದರು.

"ಮೇಲೆ?"

"ಉತ್ತರ."

"ಕೆಳಗೆ?"

"ದಕ್ಷಿಣ."

"ಪೂರ್ವ ಯಾವ ಕಡೆ ಮಗು?"

ನಾನು ಬಲಗೈಯನ್ನು ಬೀದಿ ಬಾಗಿಲ ಕಡೆಗೆ ನೇರ ಚಾಚುತ್ತಿದ್ದೆ. ಅಪ್ಪನ ಮುಖ ಅರಳುತ್ತಿತ್ತು. ಮನೆಗೆ ಯಾರಾದರೂ ಬಂದರೆ ಕಾಫಿಗಿಂತ ಮೊದಲು ಈ ಪರೀಕ್ಷೆ. ಬಂದವರು ಭೇಷ್ ಅನ್ನಬೇಕು, ಆಮೇಲೆ ಕಾಫಿ. ನನಗೂ ಅದು ಇಷ್ಟವಿತ್ತು ಎಂದು ಒಪ್ಪಿಕೊಳ್ಳಬೇಕು. ಅಪ್ಪ ನನ್ನ ತಲೆ ಸವರುತ್ತಿದ್ದದ್ದು ಆ ಒಂದು ಗಳಿಗೆಯಲ್ಲಿ ಮಾತ್ರ.

ಅಜ್ಜಿಯ ದಿಕ್ಕುಗಳು ಬೇರೆ. ಅಪ್ಪನ ತಾಯಿ ಕೆಂಪಮ್ಮ, ದಿನಾ ಬೆಳಗ್ಗೆ ಹಿತ್ತಿಲ ಬಾಗಿಲು ತೆರೆದು, ಬಾಯಿ ಮುಕ್ಕಳಿಸಿ, ಹುಟ್ಟುವ ಸೂರ್ಯನಿಗೆ ಕೈಮುಗಿಯುತ್ತಿದ್ದಳು. ನನ್ನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು, ಮೈಮೇಲೆಯೇ ದಿಕ್ಕು ಹೇಳಿಕೊಡುತ್ತಿದ್ದಳು.

"ಮುಂದ್ಕೆ ಮೂಡ್ಲು, ಬೆನ್ಗೆ ಪಡುವ್ಲು. ಉಣ್ಣೋ ಕೈಗೆ ತೆಂಕ್ಲು, ತೊಳ್ಯೋ ಕೈಗೆ ಬಡಗ್ಲು. ಕಣ್ಣು ಓದ್ರೂ ಇದು ಓಗಲ್ಲ ಕಣವ್ವ."

ಅದನ್ನು ಕಲಿಯಲು ಏಟು ಬೇಕಾಗಲಿಲ್ಲ. ಅಜ್ಜಿ ಗದ್ದೆ ಗುರುತಿಸುವುದೂ ಹಾಗೆಯೇ, ಚಾಪೆ ಹಾಸುವುದೂ ಹಾಗೆಯೇ. ಸಾರಿನ ಪಾತ್ರೆಯನ್ನು ಕೂಡ "ವಸಿ ಬಡಗ್ಲಿಗೆ ಸರ್ಸು" ಅನ್ನುವಳು. ಆದರೆ ಅಪ್ಪನ ಎದುರು 'ಮೂಡ್ಲು' ಅಂದರೆ ಅಡಿಕೋಲು ಬರುತ್ತಿತ್ತು. ಹಾಗಾಗಿ ನನ್ನ ತಲೆಯಲ್ಲಿ ಎರಡು ಬೇರೆ ಬೇರೆ ಕಂತೆಗಳಾದವು. ಮನೆಯ ಹಿಂದೆ ಸೂರ್ಯ ಹುಟ್ಟುವ ಕಡೆ ಅಜ್ಜಿಯ ಮಾತಿನಲ್ಲಿ ಮೂಡ್ಲು, ಅಪ್ಪನ ಮಾತಿನಲ್ಲಿ ಪಶ್ಚಿಮ. ಮನೆಯ ಮುಂದೆ ಸೂರ್ಯ ಮುಳುಗುವ ಕಡೆ ಅಜ್ಜಿಗೆ ಪಡುವ್ಲು, ಅಪ್ಪನಿಗೆ ಪೂರ್ವ. 'ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ' ಎಂದು ಪಾಠದಲ್ಲಿ ಓದುತ್ತಿದ್ದೆ, ಬಾಯಿಪಾಠವೂ ಆಗಿತ್ತು. ಆದರೆ ಆ ಸೂರ್ಯ ಪುಸ್ತಕದವನು. ನಮ್ಮ ಹಿತ್ತಿಲಿನ ಹುಣಸೆಮರದ ಸಂದಿಯಿಂದ ಬರುವವನಿಗೂ ಅವನಿಗೂ ಸಂಬಂಧ ಇರಬೇಕೆಂದು ನನಗೆ ಹೊಳೆಯಲಿಲ್ಲ. ಪಾಠದಲ್ಲಿ ಬರುವ ಯಾವುದೂ ನಮ್ಮ ಊರಿನಲ್ಲಿ ಇರಲಿಲ್ಲವಲ್ಲ.

ಅಜ್ಜಿಗೆ ಮಾತ್ರ ಇದು ಒಮ್ಮೆ ಕಣ್ಣಿಗೆ ಬಿತ್ತು. ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ನಾನು ಬಲಗೈ ಚಾಚಿದ್ದನ್ನು ನೋಡಿ ಕೇಳಿದಳು.

"ಅದ್ಯಾವ ಕಡೆ ತೋರುಸ್ತಾ ಅವ್ಳೆ ಮಗ?"

"ಪೂರ್ವ ಕಣವ್ವ."

"ಅಯ್, ಅದು ಪಡುವ್ಲು ಕಣ್ಲಾ! ಬಾಗ್ಲಾಚೆ ಒತ್ತು ಮುಳುಗ್ತಾ ಅದೆ, ಕಾಣಲ್ವ ನಿಂಗೆ?"

"ಭೂಪಟದಲ್ಲಿ ಬಲಕ್ಕಿರೋದೇ ಪೂರ್ವ. ಪ್ರಪಂಚದಲ್ಲೆಲ್ಲ ಹಂಗೇ ಬರೀತಾರೆ. ನಿನಗೆ ತಿಳಿಯಲ್ಲ, ಸುಮ್ನಿರು."

"ನಿನ್ ಪರ್‌ಪಂಚ ಗೋಡೆ ಮ್ಯಾಲೆ ತೂಗ್ತಾ ಅದೆ, ನನ್ನದು ಕಾಲಡಿ ಅದೆ. ಯಾವ್ದು ಸುಳ್ಳು?"

ಅಪ್ಪ ಎದ್ದು ಹೋದರು. ಅಜ್ಜಿಯ ಪಡುವ್ಲು ಅಪ್ಪನಿಗೆ ಪೂರ್ವ ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರು ದಡ್ಡರಲ್ಲ, ಗೋಡೆ ತಿರುಗಿದರೆ ದಿಕ್ಕು ತಿರುಗುತ್ತದೆಂದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಆದರೆ ಓದುಬರಹ ಇಲ್ಲದ ತಾಯಿ ಮಗಳೆದುರು ತಿದ್ದಿದ್ದು ಅವರಿಗೆ ಸಹಿಸಲಾಗಲಿಲ್ಲ. ಪಶ್ಚಿಮದವರು ಮುಂದೆ ಹೋಗಿಬಿಟ್ಟರು, ಪೂರ್ವದವರಾದ ನಾವು ಇನ್ನೂ ಮಲಗಿದ್ದೇವೆ ಎಂಬುದು ಅವರು ಊಟಕ್ಕೆ ಕೂತಾಗಲೆಲ್ಲ ಆಡುವ ಮಾತು. ಅದಕ್ಕೂ ಅಜ್ಜಿ ಬಿಡುತ್ತಿರಲಿಲ್ಲ. "ಒತ್ತು ಉಟ್ಟೋ ಕಡೆಯೋರು ಇಂದೆ, ಮುಳುಗೋ ಕಡೆಯೋರು ಮುಂದೆ. ಚೆನ್ನಾಗದೆ ನಿನ್ ಲೆಕ್ಕ" ಅನ್ನುವಳು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವ್ವ ಆ ಮನೆಯಲ್ಲಿ ನಕ್ಕದ್ದು ನನಗೆ ನೆನಪಿರುವುದು ಆ ದಿನಗಳಲ್ಲೇ.

ಮುಂದಿನ ವರ್ಷ ಅಜ್ಜಿಗೆ ಮರೆವು ಬಂತು. ಮೊದಲು ಉಂಡದ್ದು ಮರೆತಳು. ಆಮೇಲೆ ಅಜ್ಜ ಸತ್ತದ್ದು ಮರೆತು, ದಿನಾ ಅವರ ತಟ್ಟೆ ತೊಳೆದು ಇಡುತ್ತಿದ್ದಳು. ಕೊನೆಕೊನೆಗೆ ಇದು ತನ್ನ ಮನೆಯೆಂಬುದೇ ಮರೆತುಹೋಯಿತು. ಮಧ್ಯಾಹ್ನವಾದರೆ ಸೀರೆ ಸರಿಮಾಡಿಕೊಂಡು "ಒತ್ತಾಯ್ತು, ಮನೆಗೆ ಓಯ್ತೀನಿ" ಎಂದು ಎದ್ದು ಬಿಡುವಳು. ಓಣಿಯ ತುದಿವರೆಗೆ ಹೋಗಿ, ಏನು ಮಾಡಲು ಬಂದೆ ಎಂಬುದು ಮರೆತು ವಾಪಸು ಬರುವಳು. ಅವ್ವ ಅವಳ ಹಿಂದೆಯೇ ಇರುತ್ತಿದ್ದಳು. ಸ್ನಾನ, ಊಟ, ಬಟ್ಟೆ ಎಲ್ಲ ಅವ್ವನೇ. ಒಂದು ದಿನ ಅಜ್ಜಿ ಅವ್ವನ ಮುಖಕ್ಕೆ ಬಿಸಿ ಉಪ್ಸಾರು ಎರಚಿದಳು. ಅವ್ವ ಮುಖ ತೊಳೆದುಕೊಂಡು ಬಂದು ಮತ್ತೆ ತುತ್ತು ಮಾಡಿದಳು. ಅಜ್ಜಿಯ ಸ್ವಂತ ಮಗಳು, ಅಪ್ಪನ ಅಕ್ಕ, ಕೆರಗೋಡಿನ ಅತ್ತೆ ಎರಡು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಬಂದಾಗ ತಾಯಿಯ ತಲೆ ಬಾಚುತ್ತಿದ್ದರು, ಅಳುತ್ತಿದ್ದರು, ಮತ್ತೆ ಮನೆಯ ಕಟ್ಟಳೆ ಎಲ್ಲಿ ಸಡಿಲಾಗಿದೆ ಎಂದು ಹುಡುಕುತ್ತಿದ್ದರು.

ಆ ಕಟ್ಟಳೆಗಳಲ್ಲಿ ಒಂದು, ಮುಟ್ಟಾದ ಹೆಂಗಸು ಮೂರು ದಿನ ಒಳಗೆ ಬರುವಂತಿಲ್ಲ ಎನ್ನುವುದು. ಹಿತ್ತಿಲ ಕಡೆ, ದನದ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಅವಳಿಗೊಂದು ಚಾಪೆ, ಒಂದು ತಟ್ಟೆ. ಅಜ್ಜಿ ಚೆನ್ನಾಗಿದ್ದಾಗ ಆ ಮೂರು ದಿನ ಅಡುಗೆ ಅವಳದೇ. ಮರೆವು ಬಂದ ಮೇಲೆ ಅಪ್ಪನೇ ಗಂಟು ಗಂಟಾದ ಮುದ್ದೆ ತಿರುವಿಟ್ಟು ಶಾಲೆಗೆ ಹೋಗುತ್ತಿದ್ದರು. ಈ ಪದ್ಧತಿ ಬಿಡೋಣ ಎಂದು ಅವ್ವ ಒಮ್ಮೆ ಕೇಳಿದ್ದಳು. ಅಜ್ಜಿಯನ್ನು ಒಂದು ಗಳಿಗೆ ಬಿಡುವ ಹಾಗಿಲ್ಲ, ಹೊರಗೆ ಕೂತು ಹೇಗೆ ನೋಡಲಿ ಎಂದು. ಪಶ್ಚಿಮದವರನ್ನು ಮೆಚ್ಚುವ ಅಪ್ಪ ಅದಕ್ಕೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅತ್ತೆಯೇ ಅಂದರು.

"ನಮ್ಮವ್ವಂಗೆ ಬುದ್ಧಿ ಇಲ್ದೋದ್ರೇನು, ಮನೆದೇವ್ರಿಗೂ ಬುದ್ಧಿ ಇಲ್ವಾ? ನಾನು ಬದುಕಿರೋಗಂಟ ಆ ಒಸ್ಲು ಕೆಡಬಾರ್ದು."

ಆ ದಿನ ಅವ್ವ ಹೊರಗೆ ಕೂತ ಎರಡನೆಯ ದಿನ. ಭತ್ತದ ಕುಯ್ಲಿನ ಕಾಲ, ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ನನ್ನನ್ನು ಶಾಲೆ ಬಿಡಿಸಿ ಅಜ್ಜಿಯ ಕಾವಲಿಗೆ ಇಟ್ಟಿದ್ದರು. ನನಗೆ ಏಳು ತುಂಬಿತ್ತು. ಅಜ್ಜಿಗೆ ಉಣ್ಣಿಸಿದೆ, ಕೈ ತೊಳೆಸಿದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬೀದಿ ಬಾಗಿಲು ದಾಟಿದಳು. ನಾನೂ ಹಿಂದೆ ಹೋದೆ. ನಮ್ಮ ಓಣಿ ಬಾಗಿಲಿನಿಂದ ನೇರಕ್ಕೆ ಹೋಗಿ ನಾಲೆಯ ಏರಿಯನ್ನು ಸೇರುತ್ತಿತ್ತು. ಏರಿ ಹತ್ತಿ ಹಾಗೇ ಮುಂದೆ ಹೋದರೆ ಪೂರಿಗಾಲಿಯ ಕಡೆ, ಹಿಂದಕ್ಕೆ ತಿರುಗಿದರೆ ಮಳವಳ್ಳಿಯ ಕಡೆ. ಅಜ್ಜಿ ಓಣಿಯ ತುದಿಯಲ್ಲಿ ದಿನದಂತೆ ನಿಂತಳು. ಆಮೇಲೆ, ದಿನದಂತಲ್ಲದೆ, ಏರಿ ಹತ್ತಿದಳು. ನಾನು ಓಡಿಹೋಗಿ ಕೈ ಹಿಡಿದುಕೊಂಡೆ.

"ಬಾ ಅಜ್ಜಿ, ಮನೆಗೆ ಹೋಗೋಣ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಯಾರ ಮಗಳವ್ವ ನೀನು? ನಿಮ್ಮವ್ವ ಉಡುಕ್ತಾಳೆ, ಓಗು."

ಅಷ್ಟು ಹೇಳಿ ಮೆಲ್ಲಗೆ ನನ್ನ ಬೆರಳು ಬಿಡಿಸಿದಳು. ಅವಳು ಎಲ್ಲರನ್ನೂ ಮರೆತಿದ್ದರೂ ನನ್ನನ್ನು ಅಲ್ಲಿಯವರೆಗೆ ಮರೆತಿರಲಿಲ್ಲ. ನನಗೆ ಎಂಥ ಅವಮಾನವಾಯಿತೆಂದರೆ ನಾನು ಅಲ್ಲೇ ನಿಂತುಬಿಟ್ಟೆ. ಅವಳ ಬೆನ್ನು, ಕೆಂಪು ಸೀರೆ, ಏರಿಯ ಮೇಲೆ ಸೂರ್ಯ ಇಳಿಯುವ ದಿಕ್ಕಿಗೆ ಸಣ್ಣದಾಗುತ್ತಾ ಹೋದದ್ದನ್ನು ನೋಡುತ್ತಿದ್ದೆ. ಕಾಣದಂತಾದ ಮೇಲೆ ಹೆದರಿಕೆಯಾಗಿ ಮನೆಯೊಳಗಿನಿಂದ ಹಾದು ಹಿತ್ತಿಲಿಗೆ ಓಡಿದೆ. "ಅಜ್ಜಿ ಹೋಯ್ತು" ಎಂದೆ. ಅವ್ವ ಧಡಕ್ಕನೆ ಎದ್ದಳು. ಹಿತ್ತಿಲ ಬಾಗಿಲಿಗೆ ಬಂದು ಒಂದು ಕಾಲು ಒಳಗಿಟ್ಟಳು. ತೆಗೆದಳು. ಮತ್ತೆ ಇಡಲಿಲ್ಲ.

"ನಿಮ್ಮಪ್ಪನ ತಾವ ಓಡು. ಓಡವ್ವ, ನಿಲ್ಬೇಡ."

ಎತ್ತ ಹೋದಳು ಎಂದು ಅವ್ವ ಕೇಳಿದ್ದರೆ ನಾನು ಪಡುವ್ಲು ಎನ್ನುತ್ತಿದ್ದೆ. ಅವಳು ಕೇಳಲಿಲ್ಲ. ಶಾಲೆ ಊರಿನ ಆ ತುದಿಗೆ, ಮಾರಿಗುಡಿಯ ಆಚೆಗೆ. ಓಡುತ್ತಾ ಹೋಗಿ ತರಗತಿಯ ಬಾಗಿಲಲ್ಲಿ ನಿಂತೆ. ಒಳಗೆ ನಲವತ್ತು ಮಕ್ಕಳು, ಅಪ್ಪ, ಪಕ್ಕದಲ್ಲಿ ಬೆಂಚಿಗೆ ಮೊಳೆ ಹೊಡೆಯಲು ಬಂದಿದ್ದ ನಮ್ಮ ನೆರೆಮನೆಯ ಚಿಕ್ಕಣ್ಣ. ಅಜ್ಜಿ ಏರಿ ಹತ್ತಿ ಹೋದಳು, ಎಷ್ಟೋ ಹೊತ್ತಾಯಿತು ಎಂದೆ.

"ಯಾವ ಕಡೆಗೆ?"

'ಪಡುವ್ಲು' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಮಕ್ಕಳ ಎದುರು, ಮೇಜಿನ ಮೇಲೆ ಅಡಿಕೋಲು ಕಾಣುತ್ತಿರುವಾಗ, ಅದನ್ನು ನುಂಗಿಕೊಂಡೆ. ಅಪ್ಪನಿಗೆ ಒಪ್ಪುವ ಮಾತು ಹುಡುಕಿದೆ.

"ಪೂರ್ವಕ್ಕೆ ಅಪ್ಪ. ಏರಿ ಮೇಲೆ ನೇರ ಪೂರ್ವಕ್ಕೆ."

ಚಿಕ್ಕಣ್ಣ ಸುತ್ತಿಗೆ ಕೆಳಗಿಟ್ಟ. "ನಿಮ್ಮವ್ವನ ತವರು ಪಡುವ್ಲಾಗಲ್ವ ಮೇಷ್ಟ್ರೇ? ನೀವು ಮಗ ಏಳಿದ್ ಕಡೀಕೋಗಿ, ನಾನು ಅತ್ತಗೋಗಿ ನೋಡ್ಕ ಬತ್ತೀನಿ" ಎಂದ.

"ಬೇಡ, ಜೊತೇಲೇ ಬಾ. ಏರಿಯಿಂದ ಇಳಿದಿದ್ದರೆ ಇಬ್ಬರು ಬೇಕಾಗುತ್ತೆ. ನನ್ನ ಮಗಳಿಗೆ ದಿಕ್ಕು ತಪ್ಪಲ್ಲ ಚಿಕ್ಕಣ್ಣ."

ಅಪ್ಪ ಸೈಕಲ್ ಹತ್ತಿದರು, ಚಿಕ್ಕಣ್ಣ ಹಿಂದೆ ಕೂತ. ಅವರಿಬ್ಬರೂ ಮಳವಳ್ಳಿಯ ಕಡೆಗೆ ಹೋದದ್ದನ್ನು ನಾನು ನೋಡಲಿಲ್ಲ, ಏಕೆಂದರೆ ನಾನು ಮನೆಗೆ ತಿರುಗಿದ್ದೆ, ಮತ್ತು ನನ್ನ ಮನಸ್ಸಿನಲ್ಲಿ ಅವರು ಸರಿಯಾದ ಕಡೆಗೇ ಹೋಗಿದ್ದರು. ನಿಜ ಹೇಳಬೇಕೆಂದರೆ ಅಪ್ಪ ಆಡಿದ ಆ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅಜ್ಜಿಯ ಚಿಂತೆಗಿಂತ ಅದರ ಹಿಗ್ಗೇ ಹೆಚ್ಚಾಗಿತ್ತು. ಮನೆಗೆ ಬಂದಾಗ ಅವ್ವ ಹಿತ್ತಿಲಿನಿಂದ ಸುತ್ತು ಹಾಕಿ, ಯಾರದೋ ಹೊಲದ ಬೇಲಿ ದಾಟಿ, ಓಣಿಯ ಬಾಯಲ್ಲಿ ಬಂದು ನಿಂತಿದ್ದಳು. ಸೀರೆಯ ಅಂಚು ಹರಿದಿತ್ತು. "ಅಪ್ಪ ಓದ್ರಾ?" ಎಂದಳು. ಹೋದರು ಎಂದೆ. ಇಬ್ಬರೂ ಅಲ್ಲೇ ಕೂತೆವು. ಅವಳು ನನ್ನನ್ನು ಮುಟ್ಟುವ ಹಾಗಿರಲಿಲ್ಲ, ನಡುವೆ ಒಂದು ಮಾರು ಜಾಗ ಬಿಟ್ಟು ಕೂತೆವು.

ಹೊತ್ತು ಮುಳುಗುವ ಮುಂಚೆ ಒಂದು ಎತ್ತಿನ ಗಾಡಿ ಬಂತು. ಪೂರಿಗಾಲಿಯಿಂದ ಹುಲ್ಲು ಹೇರಿಕೊಂಡು ಬರುತ್ತಿದ್ದ ಒಬ್ಬ ಮುದುಕ, ಹುಲ್ಲಿನ ಮೇಲೆ ಅಜ್ಜಿಯನ್ನು ಮಲಗಿಸಿಕೊಂಡು ಬಂದಿದ್ದ. ಎರಡನೆಯ ತೂಬಿನ ಹತ್ತಿರ ನೀರು ಕುಡಿಯಲು ಇಳಿದು ಕಲ್ಲಿನ ಮೇಲೆ ಬಿದ್ದಿದ್ದಳಂತೆ. ಸೊಂಟ ಮುರಿದಿತ್ತು. ಮಧ್ಯಾಹ್ನದಿಂದ ಬಿಸಿಲಿನಲ್ಲಿ, ನೀರಿಗೆ ಒಂದು ಮೊಳ ದೂರದಲ್ಲಿ, ಅಲುಗಾಡಲಾಗದೆ ಬಿದ್ದಿದ್ದಳು. ತುಟಿ ಸೀಳಿತ್ತು. ಅದೇ ಹೊತ್ತಿಗೆ ಅಪ್ಪ, ಚಿಕ್ಕಣ್ಣ, ಬೆವರು ಸುರಿಸಿಕೊಂಡು ಮಳವಳ್ಳಿ ದಾರಿಯಿಂದ ಬಂದರು.

"ಎಲ್ಲಿ ಸಿಕ್ತು?" ಎಂದು ಅಪ್ಪ ಕೇಳಿದರು.

"ಪಡುವ್ಲಾಗೆ ಸಾಮಿ, ಎಲ್ಡ್ನೇ ತೂಬಿನ ತಾವ. ಇಡೀ ಮಜ್ಜಾನ ಬಿದ್ದದೆ ಜೀವ. ನಿಮ್ಮೂರೋರು ಒಬ್ರೂ ಇತ್ತ ಬರ್ನಿಲ್ವಲ್ಲ?"

ಚಿಕ್ಕಣ್ಣ ಅಪ್ಪನ ಮುಖ ನೋಡಿದ. ಅಪ್ಪ ನನ್ನ ಮುಖ ನೋಡಿದರು. ಅಜ್ಜಿಯನ್ನು ಎಲ್ಲರೂ ಸೇರಿ ಒಳಗೆ ಒಯ್ಯುವ ಗದ್ದಲದಲ್ಲಿ ಅಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಬೀದಿಯ ನಡುವೆ ನಿಲ್ಲಿಸಿ, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಪೂರ್ವ ಯಾವ ಕಡೆ? ತೋರಿಸು."

ನಾನು ಕೈ ಚಾಚಿದೆ. ನನ್ನ ಬೆರಳಿನ ತುದಿಯಲ್ಲಿ ಸೂರ್ಯ ಮುಳುಗುತ್ತಿದ್ದ. ಅಪ್ಪ ನನ್ನ ಕೈಯನ್ನೂ ಆ ಸೂರ್ಯನನ್ನೂ ನೋಡಿದರು. ಹೊಡೆಯುತ್ತಾರೆ ಎಂದುಕೊಂಡು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ನನ್ನ ಕೈಯನ್ನು ಹಿಡಿದು, ಮೆಲ್ಲಗೆ ಕೆಳಗಿಳಿಸಿ, ಒಳಗೆ ಹೋದರು. ಒಳಗೆ ಅಜ್ಜಿ ನರಳುತ್ತಿರುವಾಗಲೇ ಭೂಪಟವನ್ನು ಮೊಳೆಯಿಂದ ಇಳಿಸಿ, ಸುತ್ತಿ, ಅಟ್ಟಕ್ಕೆ ಎಸೆದರು. ನನ್ನ ತಪ್ಪೇನು ಎಂದು ನನಗೆ ಆಗ ಅರ್ಥವಾಯಿತು. ಏಳು ವರ್ಷಕ್ಕೆ ಅರ್ಥವಾಗಬಾರದಷ್ಟು ಸ್ಪಷ್ಟವಾಗಿ ಅರ್ಥವಾಯಿತು.

ಅಜ್ಜಿ ಒಂಬತ್ತು ದಿನ ಬದುಕಿದ್ದಳು. ನಾಟಿ ವೈದ್ಯರು ಬಂದರು, ಮಳವಳ್ಳಿಯಿಂದ ಡಾಕ್ಟರೂ ಬಂದರು. ಈ ವಯಸ್ಸಿಗೆ ಸೊಂಟ ಕೂಡುವುದಿಲ್ಲ, ಜೊತೆಗೆ ಬಿಸಿಲು ಹೊಡೆದಿದೆ, ಬೇಗ ಸಿಕ್ಕಿದ್ದರೆ ನೋಡಬಹುದಿತ್ತು ಎಂದರು. ಮೂರನೆಯ ದಿನ ಕೆರಗೋಡಿನ ಅತ್ತೆ ಬಂದರು. ಅವ್ವ ಅಷ್ಟು ಹೊತ್ತಿಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು, ಅಜ್ಜಿಯ ಕಾಲ ಬಳಿ ಕೂತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು ಶುರು ಮಾಡಿದರು.

"ನಮ್ಮವ್ವ ಬೀದಿಗೆ ಬೀಳೋಗಂಟ ಎಲ್ಲೋಗಿದ್ದೆ ನೀನು?"

"ನಾನು ಒರಗಿದ್ದೆ ಅತ್ತಿಗೆ. ಒಳೀಕೆ ಬರಂಗಿರ್ನಿಲ್ಲ. ನೀವೇ ಏಳಿದ್ರಿ."

"ನೀನು ಒರಗಿದ್ರೆ ನಿನ್ ಕಣ್ಣೂ ಒರಗಿದ್ವಾ? ಕಿವೀನೂ ಒರಗಿದ್ವಾ? ಸಾಕಾಗೋಗಿತ್ತು ಅನ್ನು. ಮುದ್ಕಿ ಸೇವೆ ಸಾಕಾಗಿ ಬಾಗ್ಲು ತೆಗೆದು ಬುಟ್ಟೆ ಅನ್ನು!"

ನೆರೆಹೊರೆಯವರು ತುಂಬಿದ್ದರು. ಅವ್ವ ಅಪ್ಪನ ಕಡೆಗೆ ನೋಡಿದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು, ನಾನು ಅವರ ಪಂಚೆಯ ಹಿಂದೆ. ಒಂದು ಮಾತು ಸಾಕಿತ್ತು. ಬಾಗಿಲು ತೆಗೆದದ್ದಲ್ಲ ಕಾರಣ, ತಪ್ಪು ದಾರಿಯಲ್ಲಿ ಹುಡುಕಿದ್ದು ಕಾರಣ. ತಪ್ಪು ದಾರಿ ತೋರಿಸಿದ್ದು ನನ್ನ ಮಗಳು. ಅವಳಿಗೆ ಅದನ್ನು ಕಲಿಸಿದ್ದು ನಾನು. ಅಪ್ಪ ಆ ಮಾತು ಆಡಲಿಲ್ಲ. ಚಿಕ್ಕಣ್ಣನೂ ಅಲ್ಲಿದ್ದ, ಮೇಷ್ಟ್ರು ಬಾಯಿ ಬಿಡದೆ ತಾನು ಬಿಡುವುದು ಹೇಗೆಂದು ಅವನೂ ಸುಮ್ಮನಿದ್ದ. ನಾನು ಪಂಚೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅವ್ವ ಸ್ವಲ್ಪ ಹೊತ್ತು ಕಾದು, ತಲೆ ತಗ್ಗಿಸಿ, ಅಜ್ಜಿಯ ಕಾಲು ಒತ್ತತೊಡಗಿದಳು.

ಅಜ್ಜಿಯ ತಿಥಿಗೆ ಅವ್ವ ಅಡುಗೆ ಮಾಡಿದಳು, ಬಡಿಸಲು ಅತ್ತೆ ಬಿಡಲಿಲ್ಲ. ತಾವೂ ಉಣ್ಣಲಿಲ್ಲ. ಆಮೇಲೆ ಬಂದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು, ನಮ್ಮ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಬರುವುದೂ ಕಡಿಮೆಯಾಗಿ, ಎರಡು ವರ್ಷದಲ್ಲಿ ನಿಂತೇಹೋಯಿತು. ಅವ್ವ ನೆಂಟರ ಮದುವೆಗಳಿಗೆ ಹೋಗುವುದನ್ನು ಬಿಟ್ಟಳು. ಒಮ್ಮೆ ಯಲಿಯೂರಿನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದಾಗ, ಇಬ್ಬರು ಹೆಂಗಸರು ತನ್ನನ್ನು ನೋಡಿ ಮಾತು ನಿಲ್ಲಿಸಿದರೆಂದು, ಊಟಕ್ಕೆ ಮೊದಲೇ ನನ್ನ ಕೈಹಿಡಿದು ಎದ್ದು ಬಂದಳು. ಮನೆಯಲ್ಲಿ ಅವಳೂ ಅಪ್ಪನೂ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು. ಅಪ್ಪ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳುವುದನ್ನು ನಿಲ್ಲಿಸಿದರು. 'ಹ' ಬಿಟ್ಟರೂ ತಿದ್ದುತ್ತಿರಲಿಲ್ಲ. ಏಟು ನಿಂತದ್ದಕ್ಕೆ ಸಂತೋಷವಾಗಬೇಕಿತ್ತು, ಆದರೆ ತಲೆ ಸವರುವ ಆ ಕೈಯೂ ಅದರ ಜೊತೆಗೇ ಹೋಯಿತು. ತಪ್ಪು ಮಾಡಿದವರು ಇಬ್ಬರು ಒಂದೇ ಮನೆಯಲ್ಲಿದ್ದೆವು, ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು. ಮೂರನೆಯವಳು ನಮ್ಮಿಬ್ಬರಿಗೂ ಮುದ್ದೆ ಬಡಿಸುತ್ತಿದ್ದಳು.

ನಾನು ಮುಂದೆ ಓದಿಗೆ ಆರಿಸಿಕೊಂಡದ್ದು ಭೂಗೋಳವನ್ನೇ. ಮದ್ದೂರಿನಲ್ಲಿ ಹೈಸ್ಕೂಲ್ ಟೀಚರಾದೆ. ಉತ್ತರ ಮೇಲಿರಬೇಕೆಂದು ಭೂಮಿ ಎಲ್ಲೂ ಹೇಳಿಲ್ಲ, ಅದು ಬರೆಯುವವರ ರೂಢಿ ಅಷ್ಟೆ ಎಂಬುದನ್ನು ಇಪ್ಪತ್ತರ ವಯಸ್ಸಿನಲ್ಲಿ ಪುಸ್ತಕದಲ್ಲಿ ಓದಿದಾಗ ಲೈಬ್ರರಿಯಲ್ಲಿ ಕೂತು ಅತ್ತುಬಿಟ್ಟೆ. ಮೂಡಲನ್ನು ಮೇಲಿಟ್ಟು ಬರೆದವರೂ ಇದ್ದರಂತೆ, ತೆಂಕಲನ್ನು ಮೇಲಿಟ್ಟವರೂ ಇದ್ದರಂತೆ. ನಮ್ಮನ್ನು ಪೂರ್ವದವರು ಎಂದು ಕರೆದವರು ನಮ್ಮಿಂದ ಪಡುವಲಿಗೆ ಕೂತು ನೋಡುತ್ತಿದ್ದರು, ಹೆಚ್ಚಿನದೇನೂ ಅದರಲ್ಲಿಲ್ಲ. ಹುಡುಗರಿಗೆ ಇದನ್ನು ಹೇಳುವಾಗ ನಾನು ಭೂಪಟವನ್ನು ನೆಲದ ಮೇಲೆ ಹಾಸಿ, ಹೊರಗಿನ ಬಿಸಿಲು ನೋಡಿ ತಿರುಗಿಸಿ, ಸುತ್ತ ನಿಲ್ಲಿಸುತ್ತಿದ್ದೆ. ಸಹೋದ್ಯೋಗಿಗಳು ನಗುತ್ತಿದ್ದರು. ಕೆಲಸ ಸಿಕ್ಕ ಸುದ್ದಿ ಹೇಳಲು ಊರಿಗೆ ಹೋದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಒಂದೇ ಮಾತು ಹೇಳಿದರು.

"ಕ್ಲಾಸಲ್ಲಿ ಯಾವಾಗಲೂ ಬಡಗಲ ಗೋಡೆಗೆ ತೂಗುಹಾಕು."

ಪೂರ್ವ ಪಶ್ಚಿಮ ಬಿಟ್ಟು ಬೇರೆ ಮಾತು ಆಡದ ಮನುಷ್ಯ 'ಬಡಗಲ' ಎಂದಿದ್ದರು. ಅವರು ಒಪ್ಪಿಕೊಂಡದ್ದು ಅಷ್ಟೇ, ಅದೂ ನನ್ನೊಬ್ಬಳ ಎದುರಿಗೆ. ಒಳಗೆ ಅವ್ವ ಅವರೆಕಾಳು ಹಿಸುಕುತ್ತಿದ್ದಳು. 'ಹೋಗಿ ಅವ್ವನಿಗೂ ಹೇಳಿ ಅಪ್ಪ' ಎನ್ನಬಹುದಿತ್ತು. ನಾನು ಹೂಂ ಎಂದೆ. ಆರು ವರ್ಷದ ಮೇಲೆ ಅಪ್ಪ ಹೋದರು. ಕೊನೆಯ ದಿನಗಳಲ್ಲಿ ಅವ್ವನೇ ಅವರಿಗೂ ತುತ್ತು ಮಾಡಿ ಉಣ್ಣಿಸಿದಳು.

ಅವ್ವ ಈಗ ನನ್ನ ಜೊತೆ ಮಂಡ್ಯದಲ್ಲಿದ್ದಾಳೆ. ಕಳೆದ ವರ್ಷ ಕೆರಗೋಡಿನ ಅತ್ತೆ ತೀರಿಕೊಂಡರು. ಅವ್ವ ಮಣ್ಣಿಗೆ ಹೋಗಲಿಲ್ಲ, ನಾನೊಬ್ಬಳೇ ಹೋಗಿ ಬಂದೆ. ತಿಥಿಯೂ ಕಳೆಯಿತು. ಅದರ ಮಾರನೆಯ ಬೆಳಗ್ಗೆ ಅವ್ವ ಸೊಪ್ಪು ಸೋಸುತ್ತಾ ಕೂತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಪಡುವ್ಲು ನುಂಗಿ ಪೂರ್ವ ಅಂದದ್ದು, ಅಪ್ಪ ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದು, ಅಪ್ಪನಿಗೆ ಅವತ್ತೇ ತಿಳಿದದ್ದು. ಅವ್ವ ಸೊಪ್ಪಿನಿಂದ ಕೈ ತೆಗೆಯಲಿಲ್ಲ. ಮುಗಿದ ಮೇಲೆ ಕೇಳಿದಳು.

"ನಿಮ್ಮಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮತ್ತೆ ಇದ್ದಾಗ ಯಾಕೇಳ್ನಿಲ್ಲ ನೀನು? ಮೊನ್ನೆ ಗಂಟ ಇದ್ಲಲ್ಲ."

ನಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡು ಸೋಸತೊಡಗಿದೆ.

"ಒಂದು ಕಾಲು ಇಟ್ಟು ತೆಗ್ದೆ ಅಂತ ಇಷ್ಟು ವರ್ಸ ನನ್ನ ನಾನೇ ತಿಂದ್ಕಂಡೆ ಕಣವ್ವ. ಪೋನ್ ಮಾಡು. ಅವ್ಳ ಮಗಂಗೆ. ನಿನ್ ಬಾಯಾರೆ ಏಳು, ನಾನು ಕೇಳ್ಬೇಕು."

ಅತ್ತೆಯ ಮಗ ಮಹದೇವು ನನಗಿಂತ ಎಂಟು ವರ್ಷ ಚಿಕ್ಕವನು. ಫೋನಿನ ಸ್ಪೀಕರ್ ಹಾಕಿ ಅವ್ವನ ಮುಂದೆ ಇಟ್ಟೆ. ತಡವರಿಸುತ್ತ ಹೇಳಿದೆ. ಅಜ್ಜಿ ಸತ್ತದ್ದು ಅವ್ವನ ತಪ್ಪಿನಿಂದಲ್ಲ, ನಾನು ದಿಕ್ಕು ತಪ್ಪಿ ಹೇಳಿದ್ದರಿಂದ, ನಿಮ್ಮಮ್ಮ ಜೀವಮಾನವೆಲ್ಲ ಅವ್ವನ ಮೇಲೆ ಹೊರಿಸಿದ್ದರು, ಅದು ನಿನಗಾದರೂ ತಿಳಿದಿರಲಿ ಎಂದೆ.

"ಯಾವ ಇಸ್ಯ ಅಕ್ಕ ಇದು? ಅಜ್ಜಿ ವಯಸ್ಸಾಗಿ ಓದ್ರು ಅಂತ ತಾನೇ ನಮ್ಮಮ್ಮ ಏಳ್ತಿದ್ದಿದ್ದು?"

"ಮತ್ತೆ ನಮ್ಮನೆಗೆ ಬರೋದು ಯಾಕೆ ಬಿಟ್ಟರು ಅಂದುಕೊಂಡಿದ್ದೆ?"

"ಆ ಎಲ್ಡೆಕ್ರೆ ಗದ್ದೆ ವಿಚಾರಕ್ಕೇನೋ ಮುನಿಸು ಅಂದ್ಕಂಡಿದ್ದೆ. ನಮ್ಮನೇಲಿ ಯಾರೂ ನಿಮ್ಮವ್ವನ್ನ ಒಂದು ಮಾತು ಅಂದಿಲ್ಲ ಅಕ್ಕ. ಯಾವ ಮದ್ವೆಗೂ ಅವರೇ ಬತ್ತಿರ್ನಿಲ್ಲ, ನಮ್ಮನ್ನ ಕಂಡ್ರೆ ಆಗಲ್ವೇನೋ ಅಂತಿದ್ವಿ. ಅತ್ತೆ ಚೆನ್ನಾಗವ್ರಾ?"

ಅವ್ವ ಕೈಯೆತ್ತಿ ಸಾಕು ಎಂದು ಸನ್ನೆ ಮಾಡಿದಳು. ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟೆ. ಅವ್ವ ಗೋಡೆಯ ಕಡೆ ನೋಡುತ್ತಾ ಕೇಳಿದಳು.

"ಅಂಗಾರೆ ಎಲ್ರೂ ಮರ್ತೋಗಿದ್ದುದ್ದ ನಾನೊಬ್ಳೇ ಒತ್ಕಂಡಿದ್ನಾ?"

ಅದು ನನ್ನನ್ನು ಕೇಳಿದ್ದೋ ತನ್ನನ್ನೇ ಕೇಳಿಕೊಂಡದ್ದೋ ತಿಳಿಯಲಿಲ್ಲ. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಅಡುಗೆ ಎಂದಿನಂತೆ ಆಯಿತು, ನನಗೆ ಎಂದಿನಂತೆ ಬಡಿಸಿದಳು. ಈಗಲೂ ಬಡಿಸುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ನಮ್ಮ ಕಡೆಯ ಹೆಂಗಸು, ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾಳೆ. ಅದಕ್ಕೇ ಕೇಳಿಲ್ಲ.